ಸಂಜೆಗೆ ಮನೆಗೆ ಬರುವ ಮಕ್ಕಳು

ನಮ್ಮ ಸಂಘದ ಮಳಿಗೆಗೆ ಬೇಕಾದ ಸೋನಾಮಸೂರಿ ಅಕ್ಕಿಯನ್ನು ಮಧ್ಯವರ್ತಿಗಳ ಹಂಗಿಲ್ಲದೆ ಸಿರುಗುಪ್ಪದ ಗಿರಣಿಗಳಿಂದಲೇ ತರಿಸುವ ಪದ್ಧತಿ ಇರುವುದು ಸದಸ್ಯ ಬಾಂಧವರಿಗೆ ತಿಳಿದ ವಿಷಯ. ಆ ಸಲುವಾಗಿ ನಾವು ವರ್ಷಕ್ಕೆ ಎರಡು ಸಲವಾದರೂ ಬಳ್ಳಾರಿ ಕಡೆಗೆ ಹೋಗಿಬರುತ್ತೇವೆ. ಅಕ್ಕಿಯ ದರ, ಲಾರಿ ಬಾಡಿಗೆ, ಮೂಟೆಯ ತೂಕ ಇವುಗಳ ವಿವರ ಎಂದಿನಂತೆ ವಾರ್ಷಿಕ ವರದಿಯಲ್ಲಿ ಬರುತ್ತದೆ. ಇಲ್ಲಿ ನಾವು ಹೇಳಹೊರಟಿರುವುದು ಅಕ್ಕಿಯ ಮಾತಲ್ಲ, ಆ ಅಕ್ಕಿ ಬೆಳೆಯುವವರ ಮನೆಗಳ ಮಾತು. ಮನೆವಾರ್ತೆಯ ವಿಷಯ ಸಂಘದ ಪತ್ರಿಕೆಗೆ ಸಲ್ಲುವುದೇ ಎಂದು ಕೆಲವರು ಕೇಳಬಹುದು. ಬೋರ್ಡೋ ದ್ರಾವಣದ ಬಗ್ಗೆ, ಮರಗಸಿಯ ಬಗ್ಗೆ, ಕಾಯಿಕೊರಕದ ಬಗ್ಗೆ ಸಂಚಿಕೆ ಸಂಚಿಕೆಗೂ ಬರೆಯುತ್ತೇವೆ. ಮುಂದೆ ಆ ತೋಟವನ್ನು ನೋಡಿಕೊಳ್ಳಬೇಕಾದವರ ಬಗ್ಗೆ ಎರಡು ಪುಟ ಮೀಸಲಿಟ್ಟರೆ ತಪ್ಪಾಗಲಾರದು.

2024 ಮತ್ತು 2025ರಲ್ಲಿ ಕಾಫಿಗೆ ಬಂದಂಥ ಬೆಲೆಯನ್ನು ನಮ್ಮ ಹಿರಿಯರು ಕನಸಿನಲ್ಲಿಯೂ ಕಂಡಿರಲಿಲ್ಲ. 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಕವಿದು ಕಾಫಿ ಗಿಡ ಸುಟ್ಟಾಗ ಇಲ್ಲಿ ಬೆಲೆ ಏರಿದ್ದನ್ನೂ, 2000ದ ನಂತರದ ಎರಡು ಮೂರು ವರ್ಷ ಅದೇ ಕಾಫಿ ಕೊಯ್ಲಿನ ಕೂಲಿಗೂ ಸಾಲದಂತೆ ಕುಸಿದದ್ದನ್ನೂ ನಾವೆಲ್ಲ ಕಂಡವರೇ. ಅಡಿಕೆಗೆ ಬೆಲೆ ಇದ್ದರೆ ಎಲೆಚುಕ್ಕಿ ರೋಗ ಬೆನ್ನಿಗೇ ಬರುತ್ತದೆ. ಏರಿಳಿತ ನಮಗೆ ಹೊಸದಲ್ಲ. ಹೊಸದಾಗಿ ಕಂಡದ್ದು ಬೇರೆ. ಈ ಸಲದ ಮಹಾಸಭೆಯ ದಿನ ಊಟದ ಪಂಕ್ತಿಯಲ್ಲಿ ಕೇಳಿಬಂದ ಮಾತುಗಳನ್ನು ನೆನೆಯಿರಿ. ಬೆಲೆಯ ಮಾತು ಸಾರಿಗೇ ಮುಗಿಯಿತು. ಮಜ್ಜಿಗೆಯವರೆಗೂ ನಡೆದದ್ದು ಮಕ್ಕಳ ಮಾತು. ಒಬ್ಬರ ಮಗನಿಗೆ ಅಂಕ ಸಾಲದು, ಇನ್ನೊಬ್ಬರ ಮಗಳಿಗೆ ಹಾಸ್ಟೆಲಿನ ಊಟ ಹಿಡಿಸದು, ಮತ್ತೊಬ್ಬರ ಮಗ ರಜೆಗೆ ಬಂದರೂ ಕೋಣೆ ಬಿಟ್ಟು ಹೊರಗೆ ಬಾರನು. ಕೈಯಲ್ಲಿ ನಾಲ್ಕು ಕಾಸು ಇರುವ ವರ್ಷದಲ್ಲಿಯೇ ಇಷ್ಟು ಸಪ್ಪೆ ಮುಖಗಳೇಕೆ ಎಂಬ ಪ್ರಶ್ನೆ ನಮ್ಮ ತಲೆಯಲ್ಲಿ ಉಳಿಯಿತು. ಅದಾದ ಹದಿನೈದು ದಿನಕ್ಕೆ ಸಿರುಗುಪ್ಪಕ್ಕೆ ಹೋಗುವ ಸಂದರ್ಭ ಬಂದುದರಿಂದ, ಅಲ್ಲಿ ಅಕ್ಕಿಯ ಜೊತೆಗೆ ಈ ಪ್ರಶ್ನೆಯನ್ನೂ ತೂಗಿನೋಡಿದೆವು.

ನಾಲೆಯ ನೀರು, ಮನೆಯ ಕಟ್ಟೆ

ಸಿರುಗುಪ್ಪ ಎಂದರೆ ಸಿರಿಯ ಗುಪ್ಪೆ, ಸಂಪತ್ತಿನ ರಾಶಿ, ಎಂದು ಅರ್ಥ ಹೇಳುವುದುಂಟು. ತುಂಗಭದ್ರೆಯ ದಂಡೆಯ ಈ ನೆಲಕ್ಕೆ ವಿಜಯನಗರದ ಅರಸರ ಕಾಲದಲ್ಲಿಯೇ ಕಾಲುವೆ ಬಂದಿತ್ತು. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತ ಮೇಲೆ, ಜೋಳ ಹತ್ತಿ ಬೆಳೆಯುತ್ತಿದ್ದ ಎಷ್ಟೋ ಎರೆಭೂಮಿ ಗದ್ದೆಯಾಯಿತು. ಆಂಧ್ರದ ಕಡೆಯಿಂದ ಬಂದ ರೈತರು ಕಾಲುವೆಗುಂಟ 'ಕ್ಯಾಂಪು'ಗಳನ್ನು ಕಟ್ಟಿಕೊಂಡು ಇಲ್ಲಿಯವರೇ ಆಗಿಹೋದರು. ಇಂದು ಆ ದಾರಿಯಲ್ಲಿ ಹೋದರೆ ಕಣ್ಣು ಹಾಯುವಷ್ಟು ದೂರ ಭತ್ತವೇ ಭತ್ತ. ನಮ್ಮಂಥ ಗುಡ್ಡಗಾಡಿನವರಿಗೆ ಅಷ್ಟು ಸಪಾಟು ಹಸಿರು ನೋಡಿ ಒಂದು ಬಗೆಯ ದಿಗಿಲೇ ಆಗುತ್ತದೆ.

ಸಿರಿ ಎಂದೆವಷ್ಟೆ, ಅದು ನೀರಿನ ಮೇಲಿನ ಸಿರಿ. ನೀರಿದ್ದ ವರ್ಷ ಎರಡು ಬೆಳೆ, ಇಲ್ಲದ ವರ್ಷ ಒಂದು. ಕಾಲುವೆಯ ಕಡೆಯ ತುದಿಯವರಿಗೆ ಆ ಒಂದಕ್ಕೂ ಖಾತರಿಯಿಲ್ಲ. 2023ರ ಬರದಲ್ಲಿ ಎರಡನೆಯ ಬೆಳೆಗೆ ನೀರು ಸಿಗಲಿಲ್ಲ. ಮರುವರ್ಷ ಮಳೆ ಚೆನ್ನಾಗಿ ಬಂದು ಜಲಾಶಯ ತುಂಬಿತೆಂದು ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ, 2024ರ ಆಗಸ್ಟ್ 10ರ ರಾತ್ರಿ, 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂರಿಸುವಷ್ಟರಲ್ಲಿ ಸುಮಾರು ಒಂದು ವಾರ ನೀರು ನದಿಗೆ ಹರಿಯಿತು.

ನಮ್ಮ ಪರಿಚಯದ ರೈತರೊಬ್ಬರ ಮನೆ ಸಿರುಗುಪ್ಪಕ್ಕೆ ಸಮೀಪದ ಹಳ್ಳಿಯೊಂದರಲ್ಲಿದೆ. ನಾಲ್ಕೆಕರೆ ನೀರಾವರಿ. ಅಣ್ಣತಮ್ಮಂದಿರಿಬ್ಬರ ಕೂಡುಕುಟುಂಬ, ತಾತ, ಅವ್ವ, ಸೊಸೆಯಂದಿರು, ಮಕ್ಕಳು ಎಲ್ಲ ಸೇರಿ ಹನ್ನೊಂದು ಜನ. ಗೇಟು ಹೋದ ಆ ವಾರ ಮನೆಯಲ್ಲಿ ಏನು ನಡೆಯಿತೆಂದು ಕೇಳಿದೆವು. ಇಡೀ ಮನೆ ಟೀವಿಯ ಮುಂದೆ ಕೂತದ್ದು, ಹುಡುಗರೂ ಸೇರಿಕೊಂಡು ಕ್ಯೂಸೆಕ್ಕಿನ ಲೆಕ್ಕ ಹಾಕಿದ್ದು, ಆರನೆಯ ತರಗತಿಯ ಹುಡುಗಿ ದಿನಕ್ಕೆ ನೀರು ಎಷ್ಟು ಇಳಿಯಿತೆಂದು ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟದ್ದು, ಎಲ್ಲವನ್ನೂ ಹೇಳಿದರು. ಬೆಳೆಸಾಲದ ಕಂತಿನ ಮಾತೂ ಮಕ್ಕಳ ಎದುರಿಗೇ ಆಯಿತಂತೆ. "ಮುಚ್ಚಿಟ್ಟು ಏನ್ ಮಾಡೋದ್ರೀ? ಉಣ್ಣೋರ್ನಾಗ ಅವೂ ಅದಾವಲ್ಲ" ಎಂದರು ಹಿರಿಯಣ್ಣ.

ಈ ಮಾತು ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಸಾಲದ ಸುದ್ದಿ ಗೊತ್ತಾಗಬಾರದೆಂದು ಬಾಗಿಲು ಹಾಕಿಕೊಂಡು ಮಾತಾಡುತ್ತೇವೆ. ಮಗುವಿಗೆ ಗೊತ್ತಾಗುವುದು ಬಾಗಿಲು ಹಾಕಿದ್ದು ಮಾತ್ರ. ಅದರಾಚೆಗೆ ಏನಿದೆಯೋ ಎಂದು ಅದು ಕಲ್ಪಿಸಿಕೊಳ್ಳುವ ಭಯ, ನಿಜವಾದ ಸಾಲಕ್ಕಿಂತ ಯಾವಾಗಲೂ ದೊಡ್ಡದೇ ಇರುತ್ತದೆ.

ಆ ಮನೆಯ ಮುಂದೆ ಎರಡು ಕಡೆಗೂ ಕಲ್ಲಿನ ಕಟ್ಟೆ. ಸಂಜೆ ಐದರ ಮೇಲೆ ಮಕ್ಕಳ ಶಾಲೆಯ ಪಾಠ ಅಲ್ಲಿಯೇ. ತಾತನವರು ಪಕ್ಕದಲ್ಲಿ ಎಲೆಡಿಕೆ ಹಾಕುತ್ತ ಕೂತಿರುತ್ತಾರೆ. ಓದು ಎಂದು ಹೇಳುವುದೂ ಇಲ್ಲ, ಓದಿದೆಯಾ ಎಂದು ಕೇಳುವುದೂ ಇಲ್ಲ. (ಆ ಅಡಿಕೆ ನಮ್ಮ ಕಡೆಯದೇ ಎಂದು ತಿಳಿದಾಗ ತಾತನವರು ಎದ್ದು ಕೂತು ಇನ್ನೊಂದು ಎಲೆ ಮಡಿಸಿದರು.) ನಡುವೆ ಒಬ್ಬ ಹುಡುಗ ಎದ್ದು ಎಮ್ಮೆಗೆ ನೀರು ಕುಡಿಸಿಬಂದ. ಇನ್ನೊಬ್ಬಳು ತಮ್ಮನ ಮೂಗು ಒರೆಸಿ ಮತ್ತೆ ಗುಣಾಕಾರಕ್ಕೆ ಕೂತಳು. ಮಕ್ಕಳ ಓದಿನ ಬಗ್ಗೆ ಕಾಳಜಿ ಬೇಡವೇ ಎಂದು ತಾಯಿಯನ್ನು ಕೇಳಿದರೆ ಆಕೆ ನಕ್ಕು, "ಕಣ್ಣೆದುರ್ಗೆ ಅದಾವಲ್ರೀ. ಆಡ್ತಾವ, ಉಣ್ತಾವ, ಮಕ್ಕೊಂತಾವ. ಹಾದಿ ತಪ್ಪಿದ್ರ ಕಾಣಸ್ತದ" ಎಂದರು. ಇದನ್ನು ಅಲಕ್ಷ್ಯ ಎನ್ನಲಾಗದು. ಅಲಕ್ಷ್ಯ ಮಾಡುವವರಿಗೆ ಹಾದಿ ತಪ್ಪಿದ್ದು ಕಾಣಿಸುವುದಿಲ್ಲ.

ಹಾಗೆಂದು ಅಲ್ಲೆಲ್ಲ ಚಿನ್ನವೆಂದು ನಾವು ಹೇಳುವುದಿಲ್ಲ. ಕೆಂಪು ಮೆಣಸಿನಕಾಯಿ ಬಿಡಿಸುವ ಕಾಲ ಬಂದರೆ ಕೂಲಿಯವರ ಮಕ್ಕಳು ಶಾಲೆ ತಪ್ಪಿಸಿ ತಾಯಿಯ ಬೆನ್ನಿಗೆ ಹೊಲಕ್ಕೆ ಹೋಗುವುದುಂಟು. ಹನ್ನೆರಡು ವರ್ಷದ ಹುಡುಗಿಯ ಬೆರಳು ಖಾರಕ್ಕೆ ಉರಿಯುತ್ತಿದ್ದುದನ್ನು ನಾವು ನೋಡಿದ್ದೇವೆ. ಮಕ್ಕಳನ್ನು ಅವರಷ್ಟಕ್ಕೆ ಬಿಡುವುದು ಬೇರೆ, ಕೈಬಿಡುವುದು ಬೇರೆ. ನಮ್ಮ ತೋಟಗಳಿಗೆ ಕೊಯ್ಲಿಗೆ ಬರುವವರಲ್ಲಿಯೂ ಬಯಲುಸೀಮೆಯ ಇಂಥ ಕುಟುಂಬಗಳಿವೆ. ಅವರ ಮಕ್ಕಳು ನಮ್ಮ ಲೈನುಮನೆಗಳ ಅಂಗಳದಲ್ಲಿ ಮೂರು ತಿಂಗಳು ಶಾಲೆಯಿಲ್ಲದೆ ಇರುವುದನ್ನು ನಾವೂ ನೀವೂ ಕಂಡಿದ್ದೇವೆ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಕುರುಗೋಡಿನ ಬಸ್ಸು

ಕುರುಗೋಡು ಹಿಂದೆ ಸಿಂದ ಅರಸರ ಊರು. ಬಂಡೆಗುಡ್ಡದ ಸೆರಗಿನಲ್ಲಿ ಹಳೆಯ ಗುಡಿಗಳು, ಅವುಗಳ ನಡುವೆ ದೊಡ್ಡಬಸವೇಶ್ವರ. ಒಂದೇ ಕಲ್ಲಿನ ಆ ಬಸವಣ್ಣನ ಮುಂದೆ ನಿಂತರೆ ನಮ್ಮ ಊರ ಬಸವಣ್ಣ ಕರುವಿನಂತೆ ಕಾಣುತ್ತಾನೆ. ಈಚೆಗೆ ಈ ಊರು ತಾಲ್ಲೂಕು ಕೇಂದ್ರವೂ ಆಗಿದೆ. ಬಳ್ಳಾರಿಗೆ ಇಲ್ಲಿಂದ ಸುಮಾರು 30 ಕಿಲೋಮೀಟರು.

ಬೆಳಿಗ್ಗೆ ಇಲ್ಲಿಯ ಬಸ್ ನಿಲ್ದಾಣದಲ್ಲಿ ನಿಂತು ನೋಡಿದವರಿಗೆ ಒಂದು ವಿಶೇಷ ಕಾಣುತ್ತದೆ. ಬಳ್ಳಾರಿ ಬಸ್ಸಿಗೆ ಮುಗಿಬೀಳುವವರಲ್ಲಿ ಕಾಲೇಜು ಹುಡುಗಿಯರೇ ಹೆಚ್ಚು. ಹೆಗಲಿಗೆ ಚೀಲ, ಕೈಯಲ್ಲಿ ಊಟದ ಡಬ್ಬಿ. ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಪುಡಿ. ರಾಜ್ಯ ಸರ್ಕಾರ 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣವನ್ನು ಉಚಿತ ಮಾಡಿದ ಮೇಲೆ ಈ ಗುಂಪು ಬೆಳೆದಿದೆ ಎಂದು ಊರವರು ಹೇಳುತ್ತಾರೆ. ಆ ಯೋಜನೆಯ ಖರ್ಚುವೆಚ್ಚದ ಚರ್ಚೆ ನಮ್ಮದಲ್ಲ. ನಮಗೆ ಮುಖ್ಯವೆನಿಸಿದ್ದು, ಬೆಳಿಗ್ಗೆ ಹೋದ ಈ ಹುಡುಗಿಯರು ಸಂಜೆ ಅದೇ ನಿಲ್ದಾಣದಲ್ಲಿ ಇಳಿದು ಮನೆಗೆ ನಡೆಯುತ್ತಾರೆ ಎಂಬುದು.

ಅಲ್ಲಿ ಮೆಣಸಿನಕಾಯಿ, ಹತ್ತಿ ಬೆಳೆಯುವ ಒಬ್ಬ ರೈತರ ಮನೆಯಲ್ಲಿ ಚಹಾ ಕುಡಿದೆವು. ಹಜಾರದಲ್ಲಿ ಕೂತಿದ್ದ ಅಜ್ಜಿಗೆ ಮದುವೆಯಾದಾಗ ಹನ್ನೆರಡು ವರ್ಷವಂತೆ. ಮೊಮ್ಮಗಳು ಬಳ್ಳಾರಿಯಲ್ಲಿ ಬಿ.ಕಾಂ. ಓದುತ್ತಾಳೆ. ನಾವು ಹೋದ ದಿನ ಆಕೆ ಸಂಜೆ ಬಂದವಳೇ ಕಾಲು ತೊಳೆದು, ಅಜ್ಜಿಯ ಬಳಿ ಕುಕ್ಕರಗಾಲಿನಲ್ಲಿ ಕೂತು, ಬಸ್ಸಿನಲ್ಲಿ ಆದ ಒಂದು ಜಗಳವನ್ನು ಕಂಡಕ್ಟರನ ದನಿಯೊಂದಿಗೆ ಆಡಿ ತೋರಿಸಿದಳು. ಅಜ್ಜಿ ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಆ ದಿನ ಆಕೆಗೆ ಯಾವುದೋ ಕಿರುಪರೀಕ್ಷೆಯೂ ಇತ್ತು ಎಂಬುದು ನಮಗೆ ಆಮೇಲೆ, ಅದೂ ಬೇರೆ ಮಾತಿನ ನಡುವೆ, ತಿಳಿಯಿತು. ಪರೀಕ್ಷೆ ಎಂಬುದು ಆ ದಿನದಲ್ಲಿ ನಡೆದ ಹತ್ತು ಸಂಗತಿಗಳಲ್ಲಿ ಒಂದಾಗಿತ್ತು, ಅಷ್ಟೆ.

ಹಾಸ್ಟೆಲಿನಲ್ಲಿರುವ ಮಗುವಿನೊಡನೆ ಭಾನುವಾರ ಫೋನಿನಲ್ಲಿ ಮಾತಾಡುವ ತಂದೆತಾಯಿಗಳನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ಹತ್ತು ನಿಮಿಷದ ಮಾತು. ಊಟ ಮಾಡಿದೆಯಾ, ಟೆಸ್ಟು ಹೇಗಾಯಿತು, ಎಷ್ಟು ಬಂತು. ಬೇರೆ ಏನನ್ನು ಕೇಳಬೇಕೆಂದು ಹೊಳೆಯುವುದಿಲ್ಲ, ಏಕೆಂದರೆ ಆ ವಾರದ ಬೇರೆ ಯಾವ ಸಂಗತಿಯೂ ನಮಗೆ ಕಂಡಿಲ್ಲ. ಕಣ್ಣೆದುರು ಬೆಳೆಯುವ ಮಗುವಿನ ನಡಿಗೆ, ನಗು, ಸಿಟ್ಟು, ಊಟ ಎಲ್ಲವೂ ತಾಯಿಗೆ ಒಂದೊಂದು ವರದಿ. ದೂರದ ಮಗುವಿನಿಂದ ಬರುವ ವರದಿ ಅಂಕಪಟ್ಟಿ ಒಂದೇ. ನಮ್ಮ ತಂದೆತಾಯಿಗಳು ಅಂಕದ ಬೆನ್ನು ಹತ್ತಿರುವುದು ಆಸೆಬುರುಕತನದಿಂದ ಎಂದು ಭಾಷಣ ಮಾಡುವವರನ್ನು ನಾವು ಒಪ್ಪುವುದಿಲ್ಲ. ಮಗುವನ್ನು ದೂರವಿಟ್ಟವನಿಗೆ ಆತಂಕ ಬರುವುದು ಸಹಜ. ಕೈಗೆ ಸಿಗುವುದು ಅಂಕವೊಂದೇ ಆದ್ದರಿಂದ ಅದನ್ನೇ ಹಿಡಿದು ಜಗ್ಗುತ್ತಾನೆ. ಬಿಗುವಿಲ್ಲದೆ ಮಕ್ಕಳನ್ನು ಬೆಳೆಸುವ ಜಾಣತನ ಸಿರುಗುಪ್ಪ ಕುರುಗೋಡಿನವರಿಗೆ ಹುಟ್ಟಿನಿಂದ ಬಂದದ್ದಲ್ಲ. ಮಕ್ಕಳು ಸಂಜೆಗೆ ಮನೆಗೆ ಬರುತ್ತಾರೆ, ಅದರಿಂದ ಬಿಗುವು ತಾನಾಗಿ ಸಡಿಲುತ್ತದೆ.

ಬಳ್ಳಾರಿಯ ಮಾಳಿಗೆಯ ಮೇಲೆ

ಬಳ್ಳಾರಿ ನಗರ ದುಡ್ಡಿನ ಆಟವನ್ನು ನಮಗಿಂತ ಹೆಚ್ಚು ಕಂಡ ಊರು. 2003–04ರ ಹೊತ್ತಿಗೆ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಬೆಲೆ ಬಂದು, ಜಿಲ್ಲೆಯ ಕೆಂಪು ಗುಡ್ಡಗಳು ಲಾರಿ ಹತ್ತಿ ಬಂದರಿಗೆ ಹೊರಟವು. ಸಾಲ ಮಾಡಿ ಲಾರಿ ಕೊಂಡವರೆಷ್ಟೋ, ಹೊಲ ಗಣಿಗೆ ಕೊಟ್ಟವರೆಷ್ಟೋ. 2011ರ ಜುಲೈನಲ್ಲಿ ಲೋಕಾಯುಕ್ತರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟು ಇಲ್ಲಿಯ ಗಣಿಗಾರಿಕೆಗೆ ತಡೆ ಹಾಕಿತು. ನಿಂತ ಲಾರಿಗಳ ಟೈರಿನ ಗಾಳಿ ಇಳಿಯಿತು, ಸಾಲದ ಬಡ್ಡಿ ಇಳಿಯಲಿಲ್ಲ. ಆ ಎಂಟು ವರ್ಷಗಳಲ್ಲಿ ಕಟ್ಟಿದ ಎತ್ತರದ ಮನೆಗಳನ್ನು ಇಂದಿಗೂ ತೋರಿಸುತ್ತಾರೆ. ಅವುಗಳಲ್ಲಿ ಹಜಾರ ದೊಡ್ಡದು, ಮುಂದಿನ ಕಟ್ಟೆ ಮಾತ್ರ ಮಾಯ. ಕಟ್ಟೆ ಇದ್ದಲ್ಲಿ ಕಬ್ಬಿಣದ ಗೇಟು ಬಂದಿದೆ. ನಮ್ಮ ಕಡೆಯೂ ಬೆಲೆ ಬಂದ ವರ್ಷ ಮೊದಲು ಹೋಗುವುದು ಜಗಲಿಯೇ ಅಲ್ಲವೇ?

ಇದೇ ಊರಿನ ಕೌಲ್ ಬಜಾರಿನ ಸುತ್ತಮುತ್ತ ಇನ್ನೊಂದು ಬಗೆಯ ಸಂಸಾರಗಳಿವೆ. ಬ್ರಿಟಿಷರ ದಂಡು ಇಲ್ಲಿ ಇದ್ದಾಗ ಸಿಪಾಯಿಗಳ ಬಟ್ಟೆ ಹೊಲಿಯಲು ನೆಲೆಸಿದ ದರ್ಜಿಗಳ ಕಸುಬು ಮುಂದೆ ಜೀನ್ಸ್ ಹೊಲಿಗೆಗೆ ತಿರುಗಿ, 'ಬಳ್ಳಾರಿ ಜೀನ್ಸ್' ಹೆಸರಾಯಿತು. ಕತ್ತರಿಸಿದ ಬಟ್ಟೆ ಮನೆಗೆ ಬರುತ್ತದೆ. ಒಂದು ಮನೆಯಲ್ಲಿ ಜೇಬು, ಇನ್ನೊಂದರಲ್ಲಿ ಪಟ್ಟಿ, ಮತ್ತೊಂದರಲ್ಲಿ ಉಳಿದ ದಾರ ಕತ್ತರಿಸುವ ಕೆಲಸ. ಲೆಕ್ಕ ಪೀಸಿನ ಮೇಲೆ. ಕೂಲಿ ಹೆಚ್ಚೇನಲ್ಲ, ಬೆನ್ನು ನೋವು ತಪ್ಪಿದ್ದಲ್ಲ. ಇದನ್ನು ನೆಮ್ಮದಿಯ ಉದ್ಯೋಗ ಎಂದು ಹೇಳಿದರೆ ಆ ಹೆಂಗಸರೇ ನಗುತ್ತಾರೆ. ಆದರೂ ನಾವು ಹೋದ ಮನೆಯೊಂದರಲ್ಲಿ ಕಂಡದ್ದನ್ನು ಬರೆಯಬೇಕು. ಎರಡು ಯಂತ್ರಗಳ ನಡುವಿನ ಜಾಗದಲ್ಲಿ ನಾಲ್ಕನೆಯ ತರಗತಿಯ ಹುಡುಗ ಹೊಟ್ಟೆಯ ಮೇಲೆ ಮಲಗಿ ಚಿತ್ರ ಬಿಡಿಸುತ್ತಿದ್ದ. ತಾಯಿ ತುಳಿಯುವುದನ್ನು ನಿಲ್ಲಿಸದೆ ಅವನ ಕಾಗುಣಿತ ತಿದ್ದುತ್ತಿದ್ದರು. ಸಂಜೆ ತಂದೆ ಬಂದವರು ಕಾಗದದ ಪೊಟ್ಟಣ ಬಿಚ್ಚಿದರು: ಒಗ್ಗರಣೆ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಯಂತ್ರ ನಿಂತಿತು. ಐದು ಜನ ಒಂದೇ ತಟ್ಟೆಗೆ ಕೈಹಾಕಿದರು, ನಮ್ಮನ್ನೂ ಬಿಡಲಿಲ್ಲ.

ಭಾನುವಾರ ಎಲ್ಲಿಗಾದರೂ ಹೋಗುತ್ತೀರಾ ಎಂದು ಕೇಳಿದಾಗ ಹುಡುಗನೇ ಉತ್ತರ ಕೊಟ್ಟ: ಗುಡ್ಡಕ್ಕೆ. ಊರ ಹತ್ತಿರದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ನವಶಿಲಾಯುಗದ ಜನ ವಾಸವಾಗಿದ್ದರು. ಅವರು ಬಂಡೆಗಳ ಮೇಲೆ ಕುಟ್ಟಿ ಕೊರೆದ ಎತ್ತುಗಳ ಚಿತ್ರಗಳಿವೆ. ಅಲ್ಲಿಯ ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ದನಿ ಬರುತ್ತದೆ. ಅಲ್ಲಿ ಸಿಕ್ಕ ಕಲ್ಲುಕೊಡಲಿ ಮುಂತಾದವನ್ನು ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಸಿರುಗುಪ್ಪದ ದಾರಿಯ ತೆಕ್ಕಲಕೋಟೆಯಲ್ಲಿಯೂ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅವರು ಅಗೆದು ನೋಡಿದಾಗ ದುಂಡು ಗುಡಿಸಲುಗಳ ನೆಲಗಟ್ಟು, ಕಾಳು ಅರೆಯುವ ಕಲ್ಲುಗಳು ಸಿಕ್ಕವು. ಹುಡುಗನಿಗೆ ಇದೆಲ್ಲ ಅರೆಬರೆ ಗೊತ್ತು. ಅವನಿಗೆ ಖಚಿತವಾಗಿ ಗೊತ್ತಿರುವುದು ಯಾವ ಬಂಡೆ ಹೇಗೆ ಕೂಗುತ್ತದೆ ಎಂಬುದು. ಅವನಪ್ಪನೂ ಅವನೂ ಸರದಿಯಲ್ಲಿ ತಟ್ಟುತ್ತಾರಂತೆ. ಖರ್ಚು, ಹೋಗಿಬರುವ ಆಟೋ ಮತ್ತು ಒಂದು ಪೊಟ್ಟಣ ಶೇಂಗಾ.

ಬಳ್ಳಾರಿಯ ಬಿಸಿಲಿನ ಬಗ್ಗೆ ಹೇಳದೆ ಆ ಊರ ಮನೆಯ ಮಾತು ಮುಗಿಯದು. ಬೇಸಗೆಯಲ್ಲಿ 40 ಡಿಗ್ರಿ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಹಳೆಯ ಮಣ್ಣಿನ ಮಾಳಿಗೆಯ ಮನೆಗಳು ಹಗಲು ತಂಪಾಗಿದ್ದವು. ಈಗಿನ ಕಾಂಕ್ರೀಟು ರಾತ್ರಿಯೂ ಹೆಂಚಿನಂತೆ ಕಾದಿರುತ್ತದೆ. ಹೊತ್ತು ಮುಳುಗಿದೊಡನೆ ಮೇಲೆ ನೀರು ಚಿಮುಕಿಸಿ, ಆರಿದ ಮೇಲೆ ಚಾಪೆ ಹಾಸಿ ಇಡೀ ಮನೆ ಮಾಳಿಗೆಯ ಮೇಲೆ ಮಲಗುತ್ತದೆ. ಅಜ್ಜ ಒಂದು ತುದಿ, ತಾಯಿ ಒಂದು ತುದಿ, ನಡುವೆ ಮಕ್ಕಳು. ಪಕ್ಕದ ಮಾಳಿಗೆಯವರೊಡನೆ ಅಲ್ಲಿಂದಲೇ ಮಾತುಕತೆ. ದಿನದ ಪಂಚಾಯಿತಿಯೆಲ್ಲ ಕತ್ತಲಲ್ಲಿ ನಡೆಯುತ್ತದೆ. ಮುಖ ಕಾಣದಿದ್ದಾಗ ಮಕ್ಕಳು ಹಗಲು ಹೇಳದ್ದನ್ನೂ ಹೇಳುತ್ತಾರೆ. ಬೀಚಿಯವರಂಥ ನಗೆಗಾರ ಈ ಸೀಮೆಯಿಂದ ಬಂದದ್ದಕ್ಕೆ ಈ ಮಾಳಿಗೆಯ ಮಾತೂ ಒಂದು ಕಾರಣವಿರಬಹುದೇ ಎಂದು ನಮಗೆ ತೋರಿದ್ದುಂಟು.

ಈಗ ಕೆಲವು ಮನೆಗಳಿಗೆ ಕೂಲರ್ ಬಂದಿದೆ, ಕೆಲವಕ್ಕೆ ಏಸಿ. ಇದರಲ್ಲಿಯೂ ನಾವು ಒಂದು ವಿಚಿತ್ರ ನೋಡಿದೆವು. ಒಂದೇ ಕೂಲರ್ ಇರುವ ಮನೆಯಲ್ಲಿ ಎಲ್ಲರೂ ಆ ಒಂದು ಕೋಣೆಗೆ ಬಂದು ಮಲಗುತ್ತಾರೆ. ಕೋಣೆಗೊಂದು ಏಸಿ ಬಂದ ಮನೆಯಲ್ಲಿ ಬಾಗಿಲುಗಳು ಹಾಕಿಕೊಳ್ಳುತ್ತವೆ.

ನಮ್ಮ ಕಡೆಯ ಮಾತು

ಇಲ್ಲಿಗೆ ಬರೋಣ. ಇಂಥ ಬಾಳುವೆ ಬಯಲುಸೀಮೆಗೆ ಮಾತ್ರ ಹೊಂದುತ್ತದೆ, ಮಲೆನಾಡಿನ ಒಂಟಿಮನೆಗಳಿಗೆ ಹೊಂದದು ಎಂದು ಹೇಳುವವರಿದ್ದಾರೆ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಆಟ, ಕುಣಿತ, ನಾಟಕಗಳ ಮೂಲಕ ಮಕ್ಕಳಿಗೆ ಕಲಿಸಲು ಹೊರಟದ್ದು ಅಡಿಕೆಯ ಸೀಮೆಯಲ್ಲಿ. ಕಾಫಿಯ ಸೀಮೆಗೆ ಬಂದರೆ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರಿದ್ದರು. ಅವರು ತಂದೆ ಕುವೆಂಪು ಅವರನ್ನು ಕುರಿತು ಬರೆದ 'ಅಣ್ಣನ ನೆನಪು' ನಮ್ಮ ಸದಸ್ಯರಲ್ಲಿ ಅನೇಕರ ಮನೆಯಲ್ಲಿದೆ. ಮಲೆನಾಡಿನ ಕೆಲವು ಮನೆಗಳಲ್ಲಿ ತಂದೆಯನ್ನೇ ಅಣ್ಣ ಎನ್ನುವುದು ನಮಗೆ ಗೊತ್ತಿದೆ. ಬಳ್ಳಾರಿಯ ಮಿತ್ರರೊಬ್ಬರು ಪುಸ್ತಕದ ಹೆಸರು ನೋಡಿ ಅದು ಹಿರಿಯ ಸೋದರನ ಕಥೆಯೆಂದುಕೊಂಡಿದ್ದರು.

ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ, ಆಗಿನ ಮಾತಿನಲ್ಲಿ, ಉಪಕುಲಪತಿಗಳು. ಅಂಥವರ ಹಿರಿಯ ಮಗ ಕೋವಿ, ಗಾಳ, ಕ್ಯಾಮೆರಾ ಎಂದು ಅಲೆದು, ಎಂ.ಎ. ಮುಗಿಸಿ, ಊರು ಮೆಚ್ಚುವ ಉದ್ಯೋಗ ಹಿಡಿಯದೆ ಕಾಫಿ ತೋಟಕ್ಕೆ ಹೊರಟರು. ಪುಸ್ತಕ ಓದಿದವರಿಗೆ ಕಾಣುವುದು ಮಕ್ಕಳ ಬೆನ್ನಿಗೆ ಕಾವಲು ನಿಲ್ಲದ ಒಬ್ಬ ತಂದೆ. 'ಉದಯರವಿ'ಯಲ್ಲಿ ಅವರು ಇದ್ದೇ ಇದ್ದರು. ಓದುತ್ತ, ಬರೆಯುತ್ತ ತಮ್ಮ ಕೆಲಸದಲ್ಲಿದ್ದರು. ಮಕ್ಕಳು ತಮ್ಮ ಕೆಲಸದಲ್ಲಿದ್ದರು. 1966ರಲ್ಲಿ ತೇಜಸ್ವಿಯವರ ಮದುವೆ ಆದದ್ದೂ ಪುರೋಹಿತರಿಲ್ಲದ, ಆಡಂಬರವಿಲ್ಲದ ಮಂತ್ರಮಾಂಗಲ್ಯದ ರೀತಿಯಲ್ಲಿ. ನಮ್ಮ ಸಂಘದ ಸಾಲದ ಪುಸ್ತಕ ತೆರೆದು ನೋಡಿದರೆ, ಗೊಬ್ಬರಕ್ಕೆಂದು ಪಡೆದ ಸಾಲ ಶಾಮಿಯಾನಕ್ಕೆ ಹೋದದ್ದು ಎಷ್ಟೋ ಕಡೆ ಕಾಣುತ್ತದೆ. ಹೆಸರು ಹೇಳುವುದಿಲ್ಲ, ಹೆದರಬೇಡಿ.

ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂತವರಿಗೆ ಬೇರೆಯವರ ಮನೆಯ ಕಥೆ ತಾನಾಗಿ ತಿಳಿಯುತ್ತದೆ. ನಮ್ಮ ಹಿರಿಯ ಸದಸ್ಯರೊಬ್ಬರು ಮಗನನ್ನು ಹತ್ತನೆಯ ವಯಸ್ಸಿಗೇ ದೂರದ ವಸತಿಶಾಲೆಗೆ ಸೇರಿಸಿದರು. ಒಳ್ಳೆಯದಾಗಲೆಂದೇ ಸೇರಿಸಿದರು, ಒಳ್ಳೆಯದೂ ಆಯಿತು, ಹುಡುಗ ಚೆನ್ನಾಗಿ ಓದಿ ದೊಡ್ಡ ಸಂಬಳದಲ್ಲಿದ್ದಾನೆ. ಕಳೆದ ವರ್ಷ ತೋಟ ಮಾರುವ ಮಾತು ಬಂದಾಗ ಅವನು ಎರಡು ದಿನಕ್ಕೆ ಬಂದ. ಗಡಿ ತೋರಿಸಲು ಹೋದರೆ ಅವನಿಗೆ ತಮ್ಮದೇ ಕೆರೆಯ ದಾರಿ ತಿಳಿಯಲಿಲ್ಲ. ಆಳಿನ ಮಗ ಮುಂದೆ ನಡೆದು ತೋರಿಸಿದ. ಈ ಮಾತು ಹೇಳುವಾಗ ಆ ಹಿರಿಯರು ಅಳಲಿಲ್ಲ. ಬೇಲಿ ಗೂಟ ಎಷ್ಟು ಬೇಕಾಗಬಹುದು ಎಂಬ ಲೆಕ್ಕಕ್ಕೆ ಮಾತು ಹೊರಳಿಸಿದರು. ತೋಟದಲ್ಲಿ ಬೆಳೆಯದ ಮಗ ತೋಟಕ್ಕೆ ಬರಲಿಲ್ಲವೆಂದು ದೂರುವುದು ನ್ಯಾಯವಲ್ಲ. ಅವನಿಗೆ ಅದು ಅಪ್ಪನ ಆಸ್ತಿ. ಮನೆ ಆಗಲು ಅವಕಾಶವೇ ಸಿಗಲಿಲ್ಲ.

ಹಾಗಾದರೆ ಶಾಲೆ ಎಲ್ಲಿದೆ ಎಂದು ನೀವು ಕೇಳುತ್ತೀರಿ. ಈ ಪ್ರಶ್ನೆ ಸರಿಯಾದದ್ದೇ. ಮಕ್ಕಳಿಲ್ಲದೆ ನಮ್ಮ ಕಡೆಯ ಎಷ್ಟೋ ಪ್ರಾಥಮಿಕ ಶಾಲೆಗಳು ಮುಚ್ಚಿದವು. ಪ್ರೌಢಶಾಲೆಗೆ ಹತ್ತು ಹನ್ನೆರಡು ಕಿಲೋಮೀಟರು, ಮಳೆಗಾಲದಲ್ಲಿ ದಾರಿಯ ಮೇಲೆ ಮರ, ಬೆಳಿಗ್ಗೆ ಹೊತ್ತಿಗೆ ಸರಿಯಾದ ಬಸ್ಸಿಲ್ಲ, ಕೆಲವೆಡೆ ಆನೆಯ ಕಾಟ. ಕುರುಗೋಡಿನ ಹುಡುಗಿಗೆ ಇರುವ ಬಸ್ಸು ನಮ್ಮ ಹುಡುಗಿಗೆ ಇಲ್ಲ. ಹಾಸ್ಟೆಲಿಗೆ ಕಳಿಸಿದವರಲ್ಲಿ ಹೆಚ್ಚಿನವರು ಮನಸ್ಸಿಲ್ಲದೆ ಕಳಿಸಿದವರೇ.

ಆದರೆ ನಮ್ಮ ಸಂಘದ ವ್ಯಾಪ್ತಿಯಲ್ಲಿಯೇ ಒಂದು ರಸ್ತೆಯ ಏಳು ಮನೆಯವರು ಎರಡು ವರ್ಷಗಳಿಂದ ಒಂದು ಉಪಾಯ ನಡೆಸಿಕೊಂಡು ಬಂದಿದ್ದಾರೆ. ಹನ್ನೊಂದು ಮಕ್ಕಳಿಗೆ ಸೇರಿ ಒಂದು ವಾಹನ ಗೊತ್ತುಮಾಡಿದ್ದಾರೆ. ಬಾಡಿಗೆಯನ್ನು ಮಕ್ಕಳ ತಲೆಗೆ ಹಂಚುತ್ತಾರೆ. ಅದು ಹಾಸ್ಟೆಲಿನ ಶುಲ್ಕದ ಕಾಲುಭಾಗವೂ ಆಗುವುದಿಲ್ಲವೆಂದು ಲೆಕ್ಕ ತೋರಿಸಿದರು. ವಾರಕ್ಕೊಬ್ಬ ದೊಡ್ಡವರು ಸರದಿಯಂತೆ ಮಕ್ಕಳ ಜೊತೆ ಹೋಗಿಬರುತ್ತಾರೆ. ಇದರಲ್ಲಿ ಒಂದು ಹೊಸ ಲಾಭವೂ ಆಗಿದೆ: ಆರು ತಿಂಗಳಿಗೊಮ್ಮೆ ಬೇಲಿಯ ಜಗಳಕ್ಕೆ ಮಾತ್ರ ಭೇಟಿಯಾಗುತ್ತಿದ್ದ ಎರಡು ಮನೆಯವರು ಈಗ ಪರಸ್ಪರರ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದಾರೆ. ಸಂಜೆ ಐದೂವರೆಗೆ ಹನ್ನೊಂದು ಮಕ್ಕಳು ತಮ್ಮ ತಮ್ಮ ಅಂಗಳದಲ್ಲಿ ಇಳಿಯುತ್ತಾರೆ. ಇಳಿದ ಮೇಲೆ ಅವರು ಓದುತ್ತಾರೋ, ಹಳ್ಳದಲ್ಲಿ ಏಡಿ ಹಿಡಿಯುತ್ತಾರೋ ಎಂಬುದನ್ನು ನಾವು ವಿಚಾರಿಸಲು ಹೋಗಲಿಲ್ಲ. ಅವರ ತಾಯಂದಿರಿಗೆ ಗೊತ್ತಿರುತ್ತದೆ.

ಬೇರೆ ರಸ್ತೆಗಳಲ್ಲಿಯೂ ಇಂಥ ವ್ಯವಸ್ಥೆ ಮಾಡಿಕೊಳ್ಳಲು ಇಷ್ಟವಿರುವ ಸದಸ್ಯರು ಮೇ 20ರೊಳಗೆ ಸಂಘದ ಕಚೇರಿಯಲ್ಲಿ ಹೆಸರು, ಮಕ್ಕಳ ಸಂಖ್ಯೆ, ತರಗತಿ, ಮನೆಯಿಂದ ಡಾಂಬರು ರಸ್ತೆಗೆ ಇರುವ ದೂರ ಇವನ್ನು ಬರೆಸಬಹುದು. ಒಂದು ರಸ್ತೆಯಲ್ಲಿ ಕನಿಷ್ಠ ಐದು ಮನೆ ಸೇರಿದರೆ ವಾಹನ ಗೊತ್ತುಮಾಡಿಕೊಡುವ ಹೊಣೆಯನ್ನು ಸಂಘ ಹೊರುತ್ತದೆ. ಹಣದ ವ್ಯವಹಾರ ಮನೆಯವರದೇ. ಶಾಲಾ ಮಕ್ಕಳನ್ನು ಕರೆದೊಯ್ಯಲು ಪರವಾನಗಿ ಇರುವ ವಾಹನವೇ ಆಗಬೇಕು, ನಮ್ಮ ತೋಟದ ಹಳೆಯ ಜೀಪುಗಳನ್ನು ಯಾರೂ ಮುಂದೆ ತರಬಾರದು. ಮಳೆಗಾಲದಲ್ಲಿ ಹಳ್ಳ ದಾಟಬೇಕಾದ ಕಡೆ ಕಾಲುಸಂಕ ಗಟ್ಟಿಯಿದೆಯೇ ಎಂಬುದನ್ನು ಆಯಾ ರಸ್ತೆಯವರು ಜೂನ್ ಮೊದಲ ವಾರಕ್ಕೆ ಮುಂಚೆ ನೋಡಿ ತಿಳಿಸಬೇಕು.